ಕಿಟಕಿಗೆ ಅಡ್ಡ ನಿಂತ ಅನಿಲಗಳು

ಚೆನ್ನೈಗೆ ಹೊರಟ ಕನ್ನಡಿಗರು ಅಲ್ಲಿನ ಸೆಕೆಯನ್ನು ಬೈದುಕೊಂಡೇ ರೈಲು ಹತ್ತುತ್ತಾರೆ. ಕಣ್ಣಿನ ಆಪರೇಷನ್ನಿಗೆ ಹೋಗುವವರಾಗಲಿ, ಮದುವೆಗೆ ಹೋಗುವವರಾಗಲಿ, ಮೊದಲ ಮಾತು ಹವೆಯದು, ಊರಿನದು ಆಮೇಲೆ. 2024ರ ಫೆಬ್ರವರಿಯಲ್ಲಿ ನಾನು ಅಲ್ಲಿಗೆ ಹೋದದ್ದು ಆ ಹವೆಗಾಗಿಯೇ. 17ರ ಸಂಜೆ ಶ್ರೀಹರಿಕೋಟಾದಿಂದ ಇನ್ಸಾಟ್-3ಡಿಎಸ್ ಎಂಬ ಹವಾಮಾನ ಉಪಗ್ರಹ ಮೇಲೇರುವುದಿತ್ತು. ಅದರೊಳಗೆ ಸೌಂಡರ್ ಎಂಬ ಉಪಕರಣ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ 18 ಪಟ್ಟಿಗಳಲ್ಲಿ ಭೂಮಿಯ ಕಡೆ ನೋಡಿ, ಗಾಳಿಯ ಯಾವ ಮಟ್ಟದಲ್ಲಿ ಎಷ್ಟು ಬಿಸಿಯಿದೆ, ಎಷ್ಟು ನೀರಾವಿಯಿದೆ, ಒಟ್ಟು ಎಷ್ಟು ಓಝೋನ್ ಇದೆ ಎಂದು ಲೆಕ್ಕ ಹೇಳುವಂಥದ್ದು. ಅದರ ಉಡಾವಣೆ ನೋಡುವ ಮೊದಲು, ಇದೇ ಊರಿನಲ್ಲಿ ಗಾಳಿಯನ್ನು ಅಳೆದವರ ಹಳೆಯ ಜಾಗಗಳನ್ನು ಸುತ್ತೋಣವೆಂದು ಕೊಂಚ ಮುಂಚೆಯೇ ಹೊರಟೆ.

ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಲ್ಲಿ ಬೇಕೆಂದೇ ಎ.ಸಿ. ಇಲ್ಲದ ಡಬ್ಬಿಯಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಂದರೆ ವಾಯುಮಂಡಲದ ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ನಮ್ಮ ಕಾಲ ಕೆಳಗೇ ಉಳಿದಿರುತ್ತದೆ. ನೀರಾವಿಯ ವಿಷಯದಲ್ಲಿ ನಾವು ಇನ್ನೂ ಪುಣ್ಯವಂತರು. ಅದು ಕೆಳಗಿನ ಒಂದೆರಡು ಕಿಲೋಮೀಟರಿನಲ್ಲೇ ದಟ್ಟವಾಗಿ ಕೂತಿರುವುದರಿಂದ ಅದರ ದೊಡ್ಡ ಪಾಲು ನಮಗೆ ತಾಕುವುದೇ ಇಲ್ಲ. ಕುಪ್ಪಂ ದಾಟಿ ರೈಲು ಜೋಲಾರಪೇಟೆಯ ಕಡೆ ಇಳಿಯತೊಡಗಿದಾಗ ತೋಳಿನ ಮೇಲಿನ ಗಾಳಿ ಬದಲಾಯಿತು. ಕಾಟ್ಪಾಡಿಯಲ್ಲಿ ಬೆವರು ಆರುವುದು ನಿಧಾನವಾಯಿತು. ಅರಕ್ಕೋಣಂ ಹೊತ್ತಿಗೆ ಆರುವುದನ್ನೇ ಬಿಟ್ಟಿತು. ಬೇಸಿಗೆ ಇನ್ನೂ ಬಂದಿರಲಿಲ್ಲ, ಬಿಸಿಲೂ ಅಂಥ ಕಟುವಾಗಿರಲಿಲ್ಲ. ಆ ಹತ್ತನೇ ಒಂದು ಪಾಲಿನೊಳಕ್ಕೆ ನಾವು ಇಳಿದಿದ್ದೆವು, ಅಷ್ಟೆ.

ನುಂಗಂಬಾಕ್ಕಂನ ಕಾಲೇಜ್ ರಸ್ತೆಯಲ್ಲಿ ಪ್ರಾದೇಶಿಕ ಹವಾಮಾನ ಕೇಂದ್ರವಿದೆ. ಚಂಡಮಾರುತದ ದಿನಗಳಲ್ಲಿ ಟಿ.ವಿ.ಯವರು ಮೈಕ್ ಹಿಡಿದು ನಿಲ್ಲುವ ಕಚೇರಿ. ಅದರ ಆವರಣದಲ್ಲೇ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ವೀಕ್ಷಣಾಲಯವನ್ನು ಕಟ್ಟಿತ್ತು. ಅನುಮತಿ ಪಡೆದು ಒಳಗೆ ಹೋದರೆ ಆ ಕಾಲದ ಗ್ರಾನೈಟ್ ಕಂಬ ಈಗಲೂ ನೋಡಸಿಗುತ್ತದೆ. ಸುಮಾರು 15 ಅಡಿ ಎತ್ತರ, 10 ಟನ್ ತೂಕ. ದೂರದರ್ಶಕ ಅಲುಗದಿರಲೆಂದು ನಿಲ್ಲಿಸಿದ ಕಲ್ಲು. ಸಾವಿರ ವರ್ಷದ ನಂತರದವರಿಗೂ ಈ ಕೆಲಸ ಗೊತ್ತಾಗಲೆಂಬ ಹೆಮ್ಮೆಯಲ್ಲಿ ಅದರ ಮೈಮೇಲೆ ಲ್ಯಾಟಿನ್, ತಮಿಳು, ತೆಲುಗು, ಹಿಂದೂಸ್ತಾನಿಗಳಲ್ಲಿ ಕೆತ್ತಿಸಿದ್ದಾರೆ. ವೀಕ್ಷಣಾಲಯದ ವಾಸ್ತುಗಾರ ಮೈಕೇಲ್ ಟಾಪಿಂಗ್‌ನ ಹೆಸರೂ ಅಲ್ಲಿದೆ.

ಇಲ್ಲಿದ್ದವರಿಗೆ ನಕ್ಷತ್ರವೇ ಮುಖ್ಯ, ಗಾಳಿ ಅಡ್ಡಿ. ಆದರೂ ಟಾಪಿಂಗ್ ನಂತರ ಬಂದ ಜಾನ್ ಗೋಲ್ಡಿಂಗ್‌ಹ್ಯಾಮ್‌ಗೆ ಆ ಅಡ್ಡಿಯ ಮೇಲೇ ಕುತೂಹಲ ಹುಟ್ಟಿತು. ಆಗ ಫೋರ್ಟ್ ಸೇಂಟ್ ಜಾರ್ಜ್‌ನಲ್ಲೂ ಸೇಂಟ್ ಥಾಮಸ್ ಮೌಂಟ್‌ನಲ್ಲೂ ಬೆಳಿಗ್ಗೆ, ಸಂಜೆ ಫಿರಂಗಿ ಹಾರಿಸುತ್ತಿದ್ದರು. ಕೋಟೆ ಇಲ್ಲಿಂದ ನಾಲ್ಕು ಕಿಲೋಮೀಟರಿಗೆ ತುಸು ಹೆಚ್ಚು, ಮೌಂಟ್ ಸುಮಾರು ಒಂಬತ್ತು. ಬೆಂಕಿಯ ಮಿಂಚು ಕಂಡ ಕ್ಷಣದಿಂದ ಸದ್ದು ಕಿವಿಗೆ ಬೀಳುವವರೆಗಿನ ಸೆಕೆಂಡುಗಳನ್ನು ಎಣಿಸಿ, ಜೊತೆಗೆ ಅಂದಿನ ಉಷ್ಣತೆ, ತೇವ, ಗಾಳಿ ಬೀಸಿದ ದಿಕ್ಕನ್ನು ಬರೆದಿಟ್ಟ. ಸದ್ದಿನ ವೇಗ ಋತುವಿನ ಜೊತೆಗೆ ಬದಲಾಗುತ್ತದೆಂದು ತೋರಿಸಿ, 1823ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಗಾಳಿಯನ್ನು ಹಿಡಿದು ತೂಗುವ ಗೋಜಿಗೆ ಅವನು ಹೋಗಲಿಲ್ಲ. ಅದರ ಮೂಲಕ ಹಾದುಬಂದದ್ದು ಎಷ್ಟು ಬದಲಾಗಿದೆ ಎಂದು ನೋಡಿದ. ಮುಂದಿನ ಇನ್ನೂರು ವರ್ಷ ಗಾಳಿಯನ್ನು ಅಳೆದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದನ್ನೇ ಮಾಡಿದ್ದಾರೆ. ಸದ್ದಿನ ಜಾಗಕ್ಕೆ ಬೆಳಕು ಬಂತು.

ಆ ಬೆಳಕಿನ ಕಥೆಗೆ ಪ್ಯಾರಿಸ್ ಕಾರ್ನರಿಗೆ ಹೋಗಬೇಕು. ಹೈಕೋರ್ಟಿನ ಎದುರು ಹಣ್ಣಿನ ಗಾಡಿ, ಮೊಬೈಲ್ ಕವರಿನ ಅಂಗಡಿ, ವಕೀಲರ ಕಪ್ಪು ಕೋಟುಗಳ ನಡುವೆ ಆಂಡರ್ಸನ್ ಚರ್ಚ್ ಇದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜು 1937ರಲ್ಲಿ ತಾಂಬರಂಗೆ ಹೋಗುವವರೆಗೆ ಇದ್ದದ್ದು ಇದೇ ಬೀದಿಯಲ್ಲಿ. ಅಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು ಸ್ಕಾಟ್ಲೆಂಡಿನ ಚಾರ್ಲ್ಸ್ ಮಿಚಿ ಸ್ಮಿತ್. 1883ರ ಆಗಸ್ಟ್ ಕೊನೆಯಲ್ಲಿ ಇಂಡೊನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿಯಿತು. ಸೆಪ್ಟೆಂಬರ್ 9ರಿಂದ ಮದ್ರಾಸಿನ ಜನ ವಿಚಿತ್ರವೊಂದನ್ನು ಕಂಡರು: ದಿಗಂತದ ಬಳಿಯ ಸೂರ್ಯ ಹಸಿರು. ಕೇಡುಗಾಲ ಬಂತೆಂದು ಹೆದರಿದವರಿಗೂ ಕೊರತೆಯಿರಲಿಲ್ಲ. ಮಿಚಿ ಸ್ಮಿತ್ ಆ ಹಸಿರು ಬಿಲ್ಲೆಯ ಕಡೆ ರೋಹಿತದರ್ಶಕವನ್ನು ತಿರುಗಿಸಿದರು. ಏಳು ಬಣ್ಣವಾಗಿ ಹರಡಿದ ಬೆಳಕಿನಲ್ಲಿ ನೀರಾವಿ ನುಂಗಿದ ಕಪ್ಪು ಪಟ್ಟಿಗಳು ದಟ್ಟವಾಗಿದ್ದವು, ಕೆಂಪು ತುದಿ ಸೊರಗಿತ್ತು. ಹೆಚ್ಚುಕಡಿಮೆ ಒಂದೇ ಗಾತ್ರದ ಸೂಕ್ಷ್ಮ ಕಣಗಳು ಕೆಂಪನ್ನು ಹೆಚ್ಚು ಚದುರಿಸಿದಾಗ ಹೀಗಾಗುತ್ತದೆಂಬುದು ಈಗಿನ ವಿವರಣೆ. ಆ ಧೂಳು ಸುಮಾರು ಎರಡು ವಾರದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ ಬಂದದ್ದನ್ನು ಊರೂರಿನ ವರದಿಗಳಿಂದ ಜೋಡಿಸಿದಾಗ, ಸಮಭಾಜಕದ ಮೇಲೆ ಅಷ್ಟು ಎತ್ತರದಲ್ಲೂ ಪೂರ್ವದಿಂದ ಪಶ್ಚಿಮಕ್ಕೆ ಜೋರುಗಾಳಿ ಬೀಸುತ್ತದೆಂದು ಜಗತ್ತಿಗೆ ಮೊದಲ ಸಲ ತಿಳಿಯಿತು.

ಮುಂದೆ ಮಿಚಿ ಸ್ಮಿತ್ ಸರ್ಕಾರಿ ಖಗೋಳಜ್ಞರಾದರು. 1899ರಲ್ಲಿ ವೀಕ್ಷಣಾಲಯವನ್ನು ಕೊಡೈಕೆನಾಲಿನ ಬೆಟ್ಟಕ್ಕೆ ಒಯ್ದವರೂ ಅವರೇ. ಅದೀಗ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಅಂಗ. ಬೆಟ್ಟಕ್ಕೆ ಹೋದ ಕಾರಣವನ್ನು ಲಾಲ್‌ಬಾಗ್ ಎಕ್ಸ್‌ಪ್ರೆಸ್ಸಿನಲ್ಲಿ ಇಳಿದುಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಿಚಿ ಸ್ಮಿತ್ ನೋಡಿದ್ದು ಕಣ್ಣಿಗೆ ಕಾಣುವ ಬೆಳಕನ್ನು. ಅನಿಲಗಳ ಗುಟ್ಟು ಹೆಚ್ಚಾಗಿ ಅಡಗಿರುವುದು ಕೆಂಪಿನ ಆಚೆ. ಗಾಳಿಯಲ್ಲಿ 78 ಭಾಗ ಸಾರಜನಕ, 21 ಭಾಗ ಆಮ್ಲಜನಕ. ಒಂದೇ ಬಗೆಯ ಎರಡು ಪರಮಾಣುಗಳ ಈ ಅಣುಗಳು ಎಷ್ಟೇ ಅದುರಿದರೂ ಅವುಗಳ ವಿದ್ಯುತ್ ಸಮತೋಲ ಕೆಡುವುದಿಲ್ಲ. ಹಾಗಾಗಿ ಅವಕೆಂಪು ಬೆಳಕು ಅವನ್ನು ಸವರಿಕೊಂಡು ಸಾಗಿಹೋಗುತ್ತದೆ. ಉಳಿದ ಚಿಲ್ಲರೆಯಲ್ಲೇ ಸ್ವಾರಸ್ಯ. ಇಂಗಾಲದ ಡೈಆಕ್ಸೈಡ್ 15 ಮೈಕ್ರಾನ್ ಅಲೆಯುದ್ದದ ಸುತ್ತ ನುಂಗುತ್ತದೆ, ಓಝೋನ್ 9.6ರಲ್ಲಿ, ನೀರಾವಿ 6.3ರಲ್ಲಿ, ಮೀಥೇನ್ 7.7ರಲ್ಲಿ. ಒಂದೊಂದಕ್ಕೂ ತನ್ನದೇ ಗೆರೆಗಳ ಗುಂಪು, ಒಂದರಂತೆ ಇನ್ನೊಂದಿಲ್ಲ. ಗಾಳಿಯಲ್ಲಿ ಮೀಥೇನ್ ಇದೆಯೆಂದು ಗೊತ್ತಾದದ್ದೇ 1948ರಲ್ಲಿ. ಅಮೆರಿಕದ ಓಹಾಯೋದಲ್ಲಿ ಕೂತು ಸೂರ್ಯನ ಅವಕೆಂಪು ಬೆಳಕನ್ನು ಬಿಡಿಸುತ್ತಿದ್ದ ಬೆಲ್ಜಿಯಮ್ಮಿನ ಮಾರ್ಸೆಲ್ ಮಿಜೊಟ್ ಅದರ ಗೆರೆಗಳನ್ನು ಹಿಡಿದರು. ಹುಟ್ಟಿದಾಗಿನಿಂದ ಉಸಿರಾಡಿದ ಗಾಳಿಯಲ್ಲಿ ಏನಿದೆಯೆಂದು ತಿಳಿಯಲು ಮನುಷ್ಯ ಸೂರ್ಯನ ಬೆಳಕಿನಲ್ಲಿ ಏನು ಕಾಣೆಯಾಗಿದೆ ಎಂದು ಹುಡುಕಬೇಕಾಯಿತು.

ನಾನು ಉಳಿದುಕೊಂಡಿದ್ದು ತಿರುವಲ್ಲಿಕ್ಕೇಣಿಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದ ಅವರು ಮದುವೆಯಾಗಿ ಈ ಊರಿಗೆ ಬಂದವರು. ಬೇಸಿಗೆಯ ಜೊತೆ ಇನ್ನೂ ರಾಜಿಯಾಗಿಲ್ಲ. "ಈಗ ಬಂದು ಏನು ನೋಡ್ತೀಯ, ಮೇ ತಿಂಗಳಲ್ಲಿ ಬಾ. ನಮ್ಮೂರಲ್ಲಿ ಹಗಲು ಎಷ್ಟೇ ಉರಿದ್ರೂ ಮಾಳಿಗೆ ಮೇಲೆ ಮಲಗಿದ್ರೆ ಬೆಳಗಿನ ಜಾವಕ್ಕೆ ದುಪ್ಪಟಿ ಎಳ್ಕೋಬೇಕಿತ್ತು. ಇಲ್ಲಿ ಸೂರ್ಯ ಮುಳುಗಿದ್ರೂ ಕಾವು ಮುಳುಗಲ್ಲ ಕಣೋ" ಎಂದರು. ಅವಕೆಂಪಿನ ಪಾಠವನ್ನು ಇಷ್ಟು ಚೊಕ್ಕವಾಗಿ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ರಾತ್ರಿ ನೆಲ, ಗೋಡೆ, ನಮ್ಮ ಮೈ ಎಲ್ಲವೂ ಅವಕೆಂಪು ಬೆಳಕಾಗಿ ಶಾಖವನ್ನು ಬಿಡುತ್ತಿರುತ್ತವೆ. 8ರಿಂದ 12 ಮೈಕ್ರಾನ್ ನಡುವೆ, ಓಝೋನಿನ ಪಟ್ಟಿ ಬಿಟ್ಟರೆ, ಗಾಳಿಯ ಅನಿಲಗಳು ಹೆಚ್ಚೇನೂ ನುಂಗುವುದಿಲ್ಲ. ವಿಜ್ಞಾನಿಗಳು ಈ ತೆರವನ್ನು ವಾಯುಮಂಡಲದ ಕಿಟಕಿ ಎನ್ನುತ್ತಾರೆ. ಚಳ್ಳಕೆರೆಯ ಒಣಹವೆಯಲ್ಲಿ ಕಿಟಕಿ ಪೂರ್ತಿ ತೆರೆದಿರುತ್ತದೆ, ಹಗಲಿನ ಬಿಸಿ ನೇರ ಆಕಾಶಕ್ಕೆ ಹೋಗುತ್ತದೆ. ಸಮುದ್ರ ಪಕ್ಕದ ಈ ಊರಿನಲ್ಲಿ ನೀರಾವಿ ದಟ್ಟವಾಗಿರುವಾಗ ಅದು ಆ ಕಿಟಕಿಯನ್ನೂ ಅರ್ಧ ಮುಚ್ಚಿ, ನುಂಗಿದ ಶಾಖದ ಒಂದಷ್ಟನ್ನು ಕೆಳಕ್ಕೇ ವಾಪಸ್ ಕೊಡುತ್ತದೆ.

ಮಾರನೇ ದಿನ ಬೇಸಿಗೆಗೆ ಮುಂಚಿನ ಸರ್ವಿಸ್‌ಗೆಂದು ಎ.ಸಿ. ಮೆಕ್ಯಾನಿಕ್ ಬಂದ. ಹಳೆಯ ಯಂತ್ರ, ಒಳಗಿನದು ಆರ್-22 ಎಂಬ ಶೈತ್ಯಕಾರಕ ಅನಿಲ. ಗೇಜು ಹಚ್ಚಿ ನೋಡಿ "ಗ್ಯಾಸ್ ಕಮ್ಮಿಯಾಗಿದೆಮ್ಮಾ" ಎಂದು ತಮಿಳಿನಲ್ಲಿ ಹೇಳಿದವನು, ತಾರಸಿಯ ಮೇಲಿನ ಪೆಟ್ಟಿಗೆಯ ವಾಲ್ವ್ ಸಡಿಲಿಸಿ ಉಳಿದದ್ದನ್ನು ಹೊರಗೆ ಬಿಟ್ಟ. ಬುಸ್ಸೆಂದು ಒಂದಷ್ಟು ಹೊತ್ತು ಸದ್ದು. ವಾಸನೆಯಿಲ್ಲ, ಬಣ್ಣವಿಲ್ಲ. ಆಮೇಲೆ ಸಿಲಿಂಡರಿನಿಂದ ಹೊಸದು ತುಂಬಿದ. ನಮ್ಮ ಊರುಗಳಲ್ಲೆಲ್ಲ ನಡೆಯುವ ಕೆಲಸವೇ ಇದು. ಆದರೆ ಆ ಅನಿಲದ ಒಂದು ಕಿಲೋ ಗಾಳಿಗೆ ಸೇರಿದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್ ಸೇರಿದಷ್ಟು ಕಾವು ಹೆಚ್ಚುತ್ತದೆ.

ಈ ಲೆಕ್ಕದ ಬೇರು ಇದೇ ಊರಿನಲ್ಲಿ 1944ರಲ್ಲಿ ಹುಟ್ಟಿದ ವೀರಭದ್ರನ್ ರಾಮನಾಥನ್ ಅವರಲ್ಲಿದೆ. ಬಾಲ್ಯದಲ್ಲೇ ಅವರ ಕುಟುಂಬ ಬೆಂಗಳೂರಿಗೆ ಬಂತು. ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ ಅವರು ಸೇರಿದ್ದು ಸಿಕಂದರಾಬಾದಿನ ಒಂದು ಫ್ರಿಜ್ ಕಾರ್ಖಾನೆಯನ್ನು. ಶೈತ್ಯಕಾರಕ ಅನಿಲ ಎಲ್ಲಿ ಸೋರುತ್ತಿದೆಯೆಂದು ಪತ್ತೆಹಚ್ಚುವುದು ಕೆಲಸ. ಅಲ್ಲಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕೈಗೆ ಬಂದದ್ದು ಬೆಳಕಿನ ಅಲೆಗಳನ್ನು ಒಂದರ ಮೇಲೊಂದು ಬೀಳಿಸಿ ಅಳೆಯುವ ಇಂಟರ್‌ಫೆರೋಮೀಟರ್ ಒಂದನ್ನು ಕೆಲಸ ಮಾಡುವಂತೆ ಮಾಡುವ ಜವಾಬ್ದಾರಿ. ಆಮೇಲೆ ಅಮೆರಿಕಕ್ಕೆ ಹೋಗಿ ಶುಕ್ರ, ಮಂಗಳ ಗ್ರಹಗಳ ಹವೆಯ ಮೇಲೆ ಸಂಶೋಧನೆ ಮಾಡಿದರು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್, ಫ್ರಿಜ್ಜಿನ ಕ್ಲೋರೋಫ್ಲೋರೋಕಾರ್ಬನ್‌ಗಳು ಓಝೋನ್ ಪದರವನ್ನು ತಿನ್ನುತ್ತವೆಂದು ಎಚ್ಚರಿಸಿದಾಗ ರಾಮನಾಥನ್ ಬೇರೊಂದು ಪ್ರಶ್ನೆ ಕೇಳಿಕೊಂಡರು: ಈ ಅನಿಲಗಳು ಅವಕೆಂಪಿನಲ್ಲಿ ಎಲ್ಲಿ ನುಂಗುತ್ತವೆ? ನುಂಗುವುದು 9 ಮತ್ತು 11 ಮೈಕ್ರಾನ್ ಆಸುಪಾಸಿನಲ್ಲಿ, ಅಂದರೆ ಸರಿಯಾಗಿ ಆ ಕಿಟಕಿಯೊಳಗೆ. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ಲೇಖನ ಜಗತ್ತಿನ ಕಣ್ಣು ತೆರೆಸಿತು. ಒಂದು ಟನ್ ಕ್ಲೋರೋಫ್ಲೋರೋಕಾರ್ಬನ್ನಿನ ಕಾವು 10,000 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನ ಕಾವಿಗೆ ಸಮ. ಲಕ್ಷ ಕೋಟಿ ಅಣುಗಳಲ್ಲಿ ಕೆಲವು ನೂರು ಮಾತ್ರ ಇರುವ ಅನಿಲದ ಮೇಲೆ ಬಂದ ಮಾತು ಇದು.

ಹದಿನೇಳರಂದು ಚೆನ್ನೈ ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ ಕಾಂಪ್ಲೆಕ್ಸಿನಿಂದ ಸೂಳ್ಳೂರುಪೇಟೆಯ ಲೋಕಲ್ ಹಿಡಿದೆ. ಶನಿವಾರ, ರಾಕೆಟ್ ನೋಡಲು ಹೊರಟ ಹುಡುಗರು, ಮೀನಿನ ಬುಟ್ಟಿ ಇಳಿಸಿ ವಾಪಸಾಗುತ್ತಿದ್ದ ಹೆಂಗಸರು, ಗುಮ್ಮಿಡಿಪೂಂಡಿಯ ಕಾರ್ಖಾನೆಗಳ ಕಾರ್ಮಿಕರು. ಡಬ್ಬಿಯ ನಡುವೆ ಕಾಲಿಡಲು ಜಾಗವಿಲ್ಲ, ಅಲ್ಲಿಗೆ ಇನ್ನೂ ಹತ್ತು ಜನ ನುಗ್ಗಿದರೂ ಒಳಗಿನ ಸೆಕೆ ಹೆಚ್ಚುತ್ತಿದ್ದುದು ಅಷ್ಟಕ್ಕಷ್ಟೆ. ಪೊನ್ನೇರಿಯಲ್ಲಿ ಹತ್ತಿದ ದಪ್ಪ ಆಸಾಮಿಯೊಬ್ಬ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ನೋಡಿ, ಇಡೀ ಡಬ್ಬಿಯ ಗಾಳಿ ನಿಂತುಹೋಯಿತು. ರಾಮನಾಥನ್ ಕಂಡದ್ದು ಇದನ್ನೇ. ಇಂಗಾಲದ ಡೈಆಕ್ಸೈಡಿನ ಪಟ್ಟಿಯ ನಡುಭಾಗ ಆಗಲೇ ತುಂಬಿಹೋಗಿದೆ, ಅಲ್ಲಿ ಹೊಸ ಅಣುವಿಗೆ ನುಂಗಲು ಹೆಚ್ಚು ಬೆಳಕು ಉಳಿದಿಲ್ಲ. ಅದರ ಪ್ರಭಾವ ಬೆಳೆಯುವುದು ಪಟ್ಟಿಯ ಅಂಚುಗಳಲ್ಲಿ, ಮೆಲ್ಲಗೆ. ಖಾಲಿಯಿದ್ದ ಜಾಗದಲ್ಲಿ ಬಂದು ನಿಲ್ಲುವ ಅನಿಲಕ್ಕೆ ಸಂಖ್ಯೆ ಬೇಕಿಲ್ಲ. ಯಾರು ಎಷ್ಟಿದ್ದಾರೆ ಎನ್ನುವುದಕ್ಕಿಂತ ಎಲ್ಲಿ ನಿಂತಿದ್ದಾರೆ ಎನ್ನುವುದೇ ಹೆಚ್ಚು ತೂಗುತ್ತದೆ.

ಎಲ್ಲಿ ನಿಂತಿದ್ದಾರೆಂದು ನೋಡಲು ಗೆರೆಗಳನ್ನು ಬಿಡಿಬಿಡಿಯಾಗಿ ಕಾಣಬೇಕು. ಇದು ಸುಲಭವಲ್ಲ. 2013ರ ನವೆಂಬರ್ 5ರಂದು ಇದೇ ಶ್ರೀಹರಿಕೋಟಾದಿಂದ ಹೊರಟ ಮಂಗಳಯಾನದಲ್ಲಿ ಮೀಥೇನ್ ಹುಡುಕುವ ಪುಟ್ಟ ಉಪಕರಣವಿತ್ತು. ಮೀಥೇನಿನ ಗೆರೆಗಳನ್ನು ಇಂಗಾಲದ ಡೈಆಕ್ಸೈಡಿನ ಗೆರೆಗಳಿಂದ ಖಚಿತವಾಗಿ ಬೇರ್ಪಡಿಸಲು ಅದರಿಂದ ಆಗದೆ, ಕೊನೆಗೆ ಅದನ್ನು ಮಂಗಳದ ನೆಲ ಎಷ್ಟು ಬೆಳಕು ಪ್ರತಿಫಲಿಸುತ್ತದೆಂದು ನೋಡಲು ಬಳಸಿದರು. ಕೆನಡಾದ ಸೈಸ್ಯಾಟ್ ಉಪಗ್ರಹ 2003ರಿಂದ ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತಿದೆ. ದಿನಕ್ಕೆ ಹತ್ತಿಪ್ಪತ್ತು ಸಲ ಅದಕ್ಕೆ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ. ಆ ಹೊತ್ತಿನಲ್ಲಿ ಸೂರ್ಯನ ಬೆಳಕು ವಾಯುಮಂಡಲದ ಅಂಚನ್ನು ಅಡ್ಡಡ್ಡವಾಗಿ ಸೀಳಿಕೊಂಡು ನೂರಾರು ಕಿಲೋಮೀಟರ್ ಗಾಳಿಯನ್ನು ಹಾದುಬರುತ್ತದೆ. ಇಂಟರ್‌ಫೆರೋಮೀಟರಿನ ಕನ್ನಡಿ ಹಿಂದೆ ಮುಂದೆ ಸರಿದು ಸಾವಿರಾರು ಗೆರೆಗಳನ್ನು ಒಟ್ಟಿಗೆ ದಾಖಲಿಸುತ್ತದೆ. ಗಣಿತ ಅವನ್ನು ಬಿಡಿಸುತ್ತದೆ. ಹೀಗೆ 30ಕ್ಕೂ ಹೆಚ್ಚು ಅನಿಲಗಳು ಯಾವ ಎತ್ತರದಲ್ಲಿ ಎಷ್ಟಿವೆಯೆಂದು ತಿಳಿಯುತ್ತಿದೆ. ಮಿಚಿ ಸ್ಮಿತ್ ದಿಗಂತದ ಬಳಿಯ ಸೂರ್ಯನನ್ನು ನೋಡಿದ್ದೂ ಇದೇ ಉದ್ದ ದಾರಿಯ ಬೆಳಕಿನಲ್ಲಿ. ಅವರು ಕೆಳಗಿನಿಂದ ಮೇಲೆ ನೋಡಿದರು, ಇದು ಮೇಲಿನಿಂದ ಅಡ್ಡಕ್ಕೆ ನೋಡುತ್ತದೆ.

ಅಂದು ಹಾರಬೇಕಿದ್ದ ಸೌಂಡರ್ ಇಷ್ಟು ಸೂಕ್ಷ್ಮದ್ದಲ್ಲ, ಅದರ ಜಾಣತನ ಬೇರೆ. ಅದರೊಳಗೊಂದು ಚಕ್ರ, ಚಕ್ರದಲ್ಲಿ ಸೋಸುಗಾಜುಗಳು. ಒಂದೊಂದರಿಂದಲೂ ಅವಕೆಂಪಿನ ಕಿರಿದಾದ ಒಂದು ಪಟ್ಟಿ ಮಾತ್ರ ಒಳಬರುತ್ತದೆ. ಇಂಗಾಲದ ಡೈಆಕ್ಸೈಡ್ ಎಲ್ಲ ಕಡೆ ಹೆಚ್ಚುಕಡಿಮೆ ಸಮನಾಗಿ ಬೆರೆತಿದೆ. ಅದರ ಪಟ್ಟಿಯ ನಡುಭಾಗದಲ್ಲಿ ಬರುವ ಬೆಳಕು ತೀರ ಮೇಲಿನ ಗಾಳಿಯದು, ಅಂಚಿನಲ್ಲಿ ಬರುವುದು ಕೆಳಗಿನದು. ಹೀಗೆ ಹಲವು ಪಟ್ಟಿಗಳಲ್ಲಿ ನೋಡಿದರೆ ಬೇರೆ ಬೇರೆ ಎತ್ತರಗಳ ಬಿಸಿ ಲೆಕ್ಕಕ್ಕೆ ಸಿಗುತ್ತದೆ. ಯಾವ ಅನಿಲ ಹವೆಯನ್ನು ಕಾಯಿಸುತ್ತಿದೆಯೋ ಅದನ್ನೇ ಥರ್ಮಾಮೀಟರ್ ಮಾಡಿಕೊಂಡಿದ್ದಾರೆ.

ಸೂಳ್ಳೂರುಪೇಟೆ ಆಂಧ್ರದ ಊರು. ಆಚೆ ಪುಲಿಕಾಟ್ ಸರೋವರ, ಅದರಾಚೆ ಶ್ರೀಹರಿಕೋಟಾ ದ್ವೀಪ. ರಸ್ತೆಯಂಚಿನಲ್ಲಿ ಬೈಕುಗಳ ಸಾಲು, ಕಡಲೆಕಾಯಿ, ಕತ್ತರಿಸಿದ ಕಲ್ಲಂಗಡಿ, ತಂದೆಯರ ಹೆಗಲ ಮೇಲೆ ಮಕ್ಕಳು. ತೆಲುಗಿನಲ್ಲಿ ಒಬ್ಬ, ತಮಿಳಿನಲ್ಲಿ ಒಬ್ಬ ಮೊಬೈಲ್ ನೋಡಿ ಸೆಕೆಂಡುಗಳನ್ನು ಕೂಗುತ್ತಿದ್ದರು. 5 ಗಂಟೆ 35 ನಿಮಿಷಕ್ಕೆ ಮರಗಳ ಸಾಲಿನ ಮೇಲೆ ಬೆಂಕಿ ಎದ್ದಿತು. ಸೂರ್ಯ ನಮ್ಮ ಬೆನ್ನ ಹಿಂದಿದ್ದ. ಬಿಳಿ ಹೊಗೆ ಪೂರ್ತಿ ಬೆಳಗಿತ್ತು. ಜನ ಕೂಗಿದರು, ಚಪ್ಪಾಳೆ ತಟ್ಟಿದರು. ರಾಕೆಟ್ ಮಾತ್ರ ಸದ್ದಿಲ್ಲದೆ ಏರುತ್ತಿತ್ತು. ಗುಡುಗು ನಮ್ಮ ಎದೆಗೆ ಬಡಿಯುವಷ್ಟರಲ್ಲಿ ಅದು ಅರ್ಧ ಆಕಾಶ ಏರಿಯಾಗಿತ್ತು. ಗೋಲ್ಡಿಂಗ್‌ಹ್ಯಾಮ್ ಪಕ್ಕದಲ್ಲಿದ್ದಿದ್ದರೆ ಗಡಿಯಾರ ತೆಗೆಯುತ್ತಿದ್ದ.

ಜಿಎಸ್‌ಎಲ್‌ವಿ-ಎಫ್14 ಸುಮಾರು ಹತ್ತೊಂಬತ್ತು ನಿಮಿಷದಲ್ಲಿ 2,274 ಕಿಲೋದ ಉಪಗ್ರಹವನ್ನು ಬಿಟ್ಟುಕೊಟ್ಟಿತು. ಉಪಗ್ರಹ ಸಿದ್ಧವಾದದ್ದು ಬೆಂಗಳೂರಿನಲ್ಲಿ, ಉಡುಪಿ ಸೀಮೆಯ ಯು.ಆರ್. ರಾವ್ ಅವರ ಹೆಸರಿನ ಕೇಂದ್ರದಲ್ಲಿ. ಅದರ ಎಂಜಿನ್ ಉರಿಸಿ ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಮುಟ್ಟಿಸುವ ಹೊಣೆ ಹಾಸನದ ನಿಯಂತ್ರಣ ಕೇಂದ್ರದ್ದು. ಮಾರ್ಚ್ 7ಕ್ಕೆ ಮೊದಲ ಚಿತ್ರಗಳು ಬಂದವು. ಚಂಡಮಾರುತದ ಸುಳಿ ತೋರಿಸುವ ಚಿತ್ರ ಎಲ್ಲರಿಗೂ ಗೊತ್ತಾಗುತ್ತದೆ. ಸೌಂಡರಿನ ಅಂಕಿಗಳು ಮುನ್ಸೂಚನೆಯ ಗಣಿತದೊಳಗೆ ಹೋಗುತ್ತವೆ, ಸುದ್ದಿಯಲ್ಲಿ ಕಾಣುವುದಿಲ್ಲ.

ಅಳತೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕ್ಲೋರೋಫ್ಲೋರೋಕಾರ್ಬನ್ನಿನ ಮುಂದಿನ ಕಥೆಯೇ ಉತ್ತರ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವುಗಳ ಉತ್ಪಾದನೆ ನಿಂತಿತು, ಗಾಳಿಯಲ್ಲಿ ಪ್ರಮಾಣ ಇಳಿಯತೊಡಗಿತು. 2012ರಿಂದಾಚೆ ಅವುಗಳಲ್ಲೊಂದರ ಇಳಿಕೆ ನಿಧಾನವಾದದ್ದನ್ನು ಗಾಳಿಯ ಮಾದರಿಗಳನ್ನು ಅಳೆಯುತ್ತಿದ್ದವರು ಹಿಡಿದು 2018ರಲ್ಲಿ ಪ್ರಕಟಿಸಿದರು. ಮರುವರ್ಷ ಆ ಹೊಸ ಸೋರಿಕೆಯ ಮೂಲ ಬಹುಮಟ್ಟಿಗೆ ಪೂರ್ವ ಚೀನಾದ ಎರಡು ಪ್ರಾಂತ್ಯಗಳಲ್ಲಿ ಎಂದು ಗೊತ್ತಾಯಿತು, ಸೋರಿಕೆ ಇಳಿಯಿತು. ಕಾಗದದ ಮೇಲೆ ಯಾರೂ ಒಪ್ಪಿಕೊಳ್ಳದ ತಪ್ಪನ್ನು ಗಾಳಿಯ ಲೆಕ್ಕ ಬಯಲಿಗೆಳೆಯಿತು. ಆರ್-22ಕ್ಕೆ ಭಾರತದಲ್ಲೂ 2030ರ ಗಡುವಿದೆ. ಅದರ ಜಾಗಕ್ಕೆ ಬಂದ ಹೈಡ್ರೋಫ್ಲೋರೋಕಾರ್ಬನ್‌ಗಳು ಓಝೋನಿಗೆ ನಿರುಪದ್ರವಿ, ಆದರೆ ನಿಲ್ಲುವುದು ಮತ್ತದೇ ಕಿಟಕಿಯಲ್ಲಿ. ಅವನ್ನು 2032ರಿಂದ ಹಂತಹಂತವಾಗಿ ಇಳಿಸಿ 2047ಕ್ಕೆ ಶೇಕಡಾ 85 ಕಡಿತ ಮಾಡುವುದಾಗಿ ನಮ್ಮ ಸರ್ಕಾರ ಮಾತು ಕೊಟ್ಟಿದೆ.

ಊರಿಗೆ ಮರಳಿದ ಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿ, ಮುಂದಿನ ಸಲ ಹಳೆಯ ಗ್ಯಾಸನ್ನು ಹೊರಗೆ ಬಿಡಬೇಡ, ಸಿಲಿಂಡರಿಗೆ ಎಳೆದುಕೋ ಎಂದು ಆ ಹುಡುಗನಿಗೆ ಹೇಳಿ ಎಂದೆ. ಅವರು ಸುಮ್ಮನಿರುವವರಲ್ಲ, ಅವತ್ತೇ ಅವನನ್ನು ವಿಚಾರಿಸಿ ತಿರುಗಿ ಕರೆ ಮಾಡಿದರು. "ಇನ್ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂದೆ ಕಣೋ. ಎಳ್ಕೊಳ್ಳೋ ಮೆಷೀನೇ ಇಲ್ವಂತೆ ಅವನ ಹತ್ರ. ಅವನ ಅಂಗಡೀಲೂ ಇಲ್ವಂತೆ. ಅದನ್ನ ಯಾರು ಕೊಡಿಸ್ಬೇಕು ಹೇಳು?"